ನೀಲಿ ಟವಲಿನವರು

"ಅಂಗಿ ಎತ್ತಿ, ಮೇಡಂ."

ಇಷ್ಟು ವರ್ಷ ಪೊಲೀಸ್ ಕೆಲಸ ಮಾಡಿ ಕಳ್ಳರ ಜೇಬು, ಸುಳ್ಳರ ಬಾಯಿ ಎರಡನ್ನೂ ತೆರೆಸಿದವಳು ನಾನು. ನನ್ನ ಅಂಗಿಯನ್ನು ನಾನೇ ಎತ್ತಲು ಮಾತ್ರ ಕೈ ಬರಲಿಲ್ಲ.

ಕಿರಿದಾದ ಮಂಚದ ಮೇಲೆ ಅಂಗಾತ ಮಲಗಿದ್ದೆ. ಬಿಳಿ ಗೋಡೆ, ಬಿಳಿ ಪರದೆ. ಪಕ್ಕದಲ್ಲಿ ಆಳೆತ್ತರದ ಒಂದು ಯಂತ್ರ, ಅದರಿಂದ ಹೊರಟ ದಪ್ಪ ಕೊಳವೆಯ ತುದಿಯಲ್ಲಿ ಉದ್ದನೆಯ ಬಟ್ಟಲು. ಯಂತ್ರದ ಬಳಿ ನಿಂತಿದ್ದ ಹುಡುಗಿ ನನ್ನ ಮುಖ ನೋಡದೆಯೇ ಹಳದಿ ಟವಲೊಂದನ್ನು ಚಾಚಿದಳು.

"ಇದನ್ನ ಮುಖದ ಮೇಲೆ ಹಾಕ್ಕೊಳ್ಳಿ. ಆಗ ನಾಚಿಕೆ ಆಗಲ್ಲ."

"ನನಗೆಂಥ ನಾಚಿಕೆ?" ಎಂದೆ. ಎಂದವಳೇ ಟವಲನ್ನು ಕಸಿದುಕೊಂಡು ಮುಖ ಮುಚ್ಚಿಕೊಂಡೆ.

ಈ ಚಿಕಿತ್ಸಾಲಯದ ಪದ್ಧತಿಯೇ ಅದು. ಇಲ್ಲಿ ಯಾರಿಗೂ ಹೆಸರಿಲ್ಲ. ಬಂದವರಿಗೆಲ್ಲ ಒಂದೊಂದು ಬಣ್ಣದ ಟವಲು. ಪಕ್ಕದ ಬಾಗಿಲಿನಿಂದ ನೇರ ಕೋಣೆಗೆ ಬರಬೇಕು, ಅಲ್ಲಿಟ್ಟ ಬಿಳಿ ನಿಲುವಂಗಿ ತೊಟ್ಟು ಮುಖದ ಮೇಲೆ ಟವಲು ಎಳೆದುಕೊಂಡು ಮಲಗಬೇಕು, ಆಮೇಲೆ ಗಂಟೆ ಒತ್ತಿ ಹುಡುಗಿಯರನ್ನು ಕರೆಯಬೇಕು. "ಹಸಿರಿನವರು ಬಂದ್ರು", "ಕೇಸರಿಯವರಿಗೆ ತೊಡೆ ಇನ್ನೊಂದು ಸಲ ಆಗ್ಬೇಕು" ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಾರೆ. ತಮ್ಮ ಕೈಕೆಳಗೆ ತಿಂಗಳುಗಟ್ಟಲೆ ಕರಗಿದವರು ಬೀದಿಯಲ್ಲಿ ಎದುರು ಬಂದರೂ ಅವರಿಗೆ ಗುರುತು ಸಿಗುವುದಿಲ್ಲ.

ಚಾಕು ಇಲ್ಲ, ಹೊಲಿಗೆ ಇಲ್ಲ, ಆಸ್ಪತ್ರೆಯಲ್ಲಿ ಮಲಗುವ ಹಾಗಿಲ್ಲ. ಹೊಟ್ಟೆಯ ಕೊಬ್ಬನ್ನು ಹಿಡಿದು ತಣ್ಣಗೆ ಮಾಡುತ್ತಾರೆ. ಆ ಚಳಿಗೆ ಕೊಬ್ಬು ಸಾಯುತ್ತದೆ, ಆಮೇಲೆ ಕೆಲವು ತಿಂಗಳಲ್ಲಿ ಮೈಯೇ ಅದನ್ನು ಹೊರಗೆ ಹಾಕುತ್ತದೆ ಎಂದು ಇಲ್ಲಿಯ ಡಾಕ್ಟರಮ್ಮ ಹೇಳುತ್ತಾರೆ. ಬಂದು ಹೋದದ್ದು ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ ಎನ್ನುವುದು ಅವರ ದೊಡ್ಡ ಹೆಮ್ಮೆ.

ಹೋದ ವಾರ ಇದೇ ಮಂಚದ ಮೇಲೆ ನೀಲಿ ಟವಲಿನವರ ಹೊಟ್ಟೆ ಸುಟ್ಟುಹೋಯಿತು. ಬೆಂಕಿಯಿಂದಲ್ಲ, ಚಳಿಯಿಂದ. ಬಟ್ಟಲಿಗೂ ಚರ್ಮಕ್ಕೂ ನಡುವೆ ಇರಬೇಕಾಗಿದ್ದ ಒದ್ದೆ ಹಾಳೆ ಇರಲಿಲ್ಲ. ಬಟ್ಟಲು ಹಾಕಿದ್ದು ಗುಬ್ಬಿ. ಗುಬ್ಬಿಯೆಂದರೆ ಇಲ್ಲಿ ಕೆಲಸಕ್ಕಿರುವ ಇಬ್ಬರು ಹುಡುಗಿಯರಲ್ಲಿ ಸಣ್ಣವಳು; ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿ ಆಗಿರುವ ನನಗೆ ಕಕ್ಷಿದಾರಳು. ನಾಳೆ ಬೆಳಿಗ್ಗೆ ಆರೋಗ್ಯ ಇಲಾಖೆಯವರ ಮುಂದೆ ಅವಳ ವಿಚಾರಣೆ. ಅಜಾಗರೂಕತೆ ಎಂದು ತೀರ್ಮಾನವಾದರೆ ಅವಳು ಓದಿ ಗಳಿಸಿದ ಪರವಾನಗಿ ರದ್ದಾಗುತ್ತದೆ, ಹಿಂದೆಯೇ ಪೊಲೀಸ್ ಕೇಸು.

"ಹಾಳೆ ಹಾಕಿದ್ದೆ ಅಕ್ಕಾ. ನನ್ನ ಕೈಯಾರೆ ಹಾಕಿದ್ದೆ" ಎಂದು ನನ್ನ ಆಫೀಸಿಗೆ ಬಂದು ಅತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಸುಳ್ಳು ಹೇಳುವವರು ಅಷ್ಟಕ್ಕೆ ನಿಲ್ಲಿಸುವುದನ್ನು ನಾನು ನೋಡಿಲ್ಲ. ಆದರೆ ನನ್ನ ನಂಬಿಕೆಯನ್ನು ಇಲಾಖೆಯವರು ಒಪ್ಪಬೇಕಲ್ಲ?

ಈಗ ನನ್ನ ಪಕ್ಕ ನಿಂತಿರುವವಳು ಇನ್ನೊಬ್ಬಳು. ಉದ್ದಕ್ಕೆ, ತೆಳ್ಳಗೆ ಇದ್ದಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ. ಚಿಕಿತ್ಸೆ ಹೇಗೆ ನಡೆಯುತ್ತದೆಂದು ನನ್ನ ಹೊಟ್ಟೆಯ ಮೇಲೆಯೇ ಮಾಡಿ ತೋರಿಸಲು ಡಾಕ್ಟರಮ್ಮ ಅವಳಿಗೆ ಹೇಳಿದ್ದರು. ನೋಡಿದ ಮೇಲಾದರೂ ಈ ಪೀಡೆ ತೊಲಗಲಿ ಎಂದುಕೊಂಡಿರಬೇಕು.

ಟವಲಿನ ಕೆಳಗೆ ಕತ್ತಲೆ. ಅಂಗೈ ಉಜ್ಜಿಕೊಳ್ಳುವ ಸದ್ದು ಕೇಳಿತು, ಆಮೇಲೆ ಕೈಗಳ ಮೇಲೆ ಬಾಯಿಂದ ಬಿಸಿ ಉಸಿರು ಊದಿಕೊಳ್ಳುವ ಸದ್ದು. ಬೆಚ್ಚಗಿನ ಬೆರಳುಗಳು ನನ್ನ ಹೊಟ್ಟೆಯನ್ನು ಮುಟ್ಟಿದವು.

"ಕೈ ತಣ್ಣಗಿದ್ರೆ ಜನ ಬೆಚ್ಚಿಬೀಳ್ತಾರೆ" ಎಂದಳು ಕಡ್ಡಿ.

ಪೆನ್ನಿನಿಂದ ಗುರುತು ಹಾಕಿದಳು. ಜಾರುವ ಲೋಳೆಯಲ್ಲಿ ನೆನೆದ ಹಾಳೆಯನ್ನು ಹಾಸಿದಳು. ಮೇಲೆ ಬಟ್ಟಲು ಬಂತು. ಯಂತ್ರ ಗುರ್ ಎಂದಿತು. ನನ್ನ ಹೊಟ್ಟೆಯ ಒಂದು ಮಡಿಕೆ ಪೂರ್ತಿ ಬಟ್ಟಲಿನ ಒಳಗೆ ಹೋಯಿತು, ಮಿಕ್ಕದ್ದು ಹೊರಗೆ ಸರದಿಗಾಗಿ ಕಾದು ಕುಳಿತಿತು. ನಗು ಬಂತು. ನಕ್ಕರೆ ಬಟ್ಟಲು ಕುಣಿಯುತ್ತದೆಂದು ತಡೆದುಕೊಂಡೆ.

"ನೋವಾದ್ರೆ ಈ ಗಂಟೆ ಒತ್ತಿ" ಎಂದು ಕೈಯಲ್ಲಿ ಗುಂಡಿಯೊಂದನ್ನು ಇಟ್ಟಳು.

ಮೊದಲು ಸೂಜಿ ಚುಚ್ಚಿದ ಹಾಗೆ ಚಳಿ. ಆಮೇಲೆ ಉರಿ. ಆಮೇಲೆ ಏನೂ ಇಲ್ಲ. ಹೊಟ್ಟೆ ನನ್ನದೋ ಬೇರೆಯವರದೋ ತಿಳಿಯದಷ್ಟು ಮರಗಟ್ಟಿತು.

"ಈಗ ಒಳಗಿನ ಹಾಳೆ ಇಲ್ಲದಿದ್ರೆ ನನಗೆ ಗೊತ್ತಾಗತ್ತಾ?"

"ಮರಗಟ್ಟಿದ ಮೇಲೆ ಗೊತ್ತಾಗಲ್ಲ" ಎಂದಳು. ಕೊಳವೆ ಸರಿಸುತ್ತ, "ಆಮೇಲೆ ಗೊತ್ತಾಗತ್ತೆ" ಎಂದಳು.

ಅವಧಿ ಮುಗಿಯುವ ಮೊದಲೇ ತೆಗೆಯಲು ಹೇಳಿದೆ. ಟವಲಿನ ಅಂಚು ಎತ್ತಿ ಇಣುಕಿದೆ. ಬಟ್ಟಲು ಬಿಟ್ಟ ಜಾಗದಲ್ಲಿ ನನ್ನ ಹೊಟ್ಟೆ ಫ್ರಿಜ್‌ನಿಂದ ತೆಗೆದ ಬೆಣ್ಣೆಯ ಗಟ್ಟಿಯ ಹಾಗೆ ಎದ್ದು ನಿಂತಿತ್ತು. ಅದನ್ನು ತಿಕ್ಕಿ ತಿಕ್ಕಿ ಸಡಿಲ ಮಾಡಿದಳು. ಸುತ್ತಲೂ ಬಟ್ಟಲಿನ ಅಂಚು ಕೆಂಪು ಉಂಗುರದಂತೆ ಮೂಡಿತ್ತು.

"ಇದು ಯಾವಾಗ ಹೋಗತ್ತೆ?"

"ಎಳೆದು ಹಿಡಿಯತ್ತಲ್ಲ, ಅಂಚಲ್ಲಿ ರಕ್ತ ಕಟ್ಟಿರತ್ತೆ. ಒಂದೆರಡು ವಾರ ಇರತ್ತೆ."

"ಮಧ್ಯದಲ್ಲಿ ಬಟ್ಟಲು ತೆಗೆದು ಮತ್ತೆ ಹಾಕಿದ್ರೆ?"

"ಅದೇ ಜಾಗಕ್ಕೆ ಸರಿಯಾಗಿ ಕೂರಲ್ಲ ಮೇಡಂ. ಒಂಚೂರಾದ್ರೂ ಸರಿಯತ್ತೆ. ಆಗ ಎರಡು..."

ಟವಲು ಪೂರ್ತಿ ಸರಿಸಿ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಎರಡು ಉಂಗುರ ಬೀಳತ್ತೆ" ಎಂದು ನಾನೇ ಮುಗಿಸಿದೆ. "ನೀಲಿಯವರ ಹೊಟ್ಟೆ ಮೇಲೆ ಎಷ್ಟಿತ್ತು?"

"ಆವತ್ತು ಎಲ್ಲ ಊದಿಕೊಂಡು ಕೆಂಪಗಿತ್ತು. ಯಾರೂ ಅಷ್ಟೆಲ್ಲ ನೋಡ್ಲಿಲ್ಲ. ಡಾಕ್ಟರಮ್ಮ ಪಟ್ಟಿ ಕಟ್ಟಿದ್ರು. ಅವರು ಟವಲು ಮುಖಕ್ಕೆ ಸುತ್ತಿಕೊಂಡೇ ಎದ್ದು ಹೋದ್ರಂತೆ. ಒಂದು ಮಾತೂ ಆಡ್ಲಿಲ್ಲ."

"ಬಟ್ಟಲು ಹಾಕಿ ಗುಬ್ಬಿ ಆಚೆ ಕೋಣೆಗೆ ಹೋಗಿದ್ದಾಗ ನೀನಿಲ್ಲಿಗೆ ಬಂದಿದ್ದೆಯಾ?"

"ಇಲ್ಲ."

"ಡಾಕ್ಟರಮ್ಮ?"

"ಅವರು ಫೋನಲ್ಲಿದ್ರು."

"ಸರಿ. ನಾಳೆ ಇದನ್ನೇ ಪ್ರಮಾಣ ಮಾಡಿ ಹೇಳಬೇಕಾಗತ್ತೆ. ನೀಲಿಯವರ ಹೊಟ್ಟೇನೂ ಅಲ್ಲಿಗೆ ಬರೋ ಹಾಗೆ ನಾನು ನೋಡ್ಕೋತೀನಿ."

ಬೇಕೆಂದೇ ಅಷ್ಟು ಒರಟಾಗಿ ಹೇಳಿದ್ದೆ. ಕಡ್ಡಿ ಲೋಳೆ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೊದಲೇ ಒರೆಸಿದ್ದ ಯಂತ್ರವನ್ನು ಮತ್ತೆ ಒರೆಸತೊಡಗಿದಳು.

ಹೊರಗೆ ಡಾಕ್ಟರಮ್ಮ ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದಂಥದ್ದೇ ನಗು.

"ನೋಡಿದ್ರಲ್ಲ? ಹಾಳೆ ಮರೆತರೆ ಮಾತ್ರ ಅಪಾಯ. ಆ ಹುಡುಗಿ ಮರೆತಳು. ಅಷ್ಟೇ ಕಥೆ."

"ನೀಲಿಯವರು ದೂರು ಕೊಟ್ಟಿಲ್ಲವಂತೆ?"

"ಇಲ್ಲ. ನಾವೇ ಮೊದಲು ಇಲಾಖೆಗೆ ತಿಳಿಸಿದ್ವಿ. ನಮ್ಮದು ಮರ್ಯಾದಸ್ಥ ಜಾಗ. ನೀಲಿಯವರು ಯಾರು ಅಂತ ನನಗೂ ಗೊತ್ತಿಲ್ಲ, ಗೊತ್ತಿದ್ರೂ ಹೇಳ್ತಿರಲಿಲ್ಲ."

ಹುಡುಗಿಯೊಬ್ಬಳನ್ನು ಬಲಿ ಕೊಟ್ಟರೆ ಅಂಗಡಿ ಉಳಿಯುತ್ತದೆ ಎನ್ನುವುದೇ ಆ ಮರ್ಯಾದೆಯ ಅರ್ಥ. ಈ ಹೆಂಗಸಿನ ಮೇಲೂ ನನಗೆ ಅನುಮಾನವಿತ್ತು. ಆದರೆ ತಮ್ಮದೇ ಗಿರಾಕಿಯನ್ನು ಸುಟ್ಟು ಇವರಿಗೇನು ಸಿಗುತ್ತದೆ ಎನ್ನುವುದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ನೀಲಿಯವರು ಯಾರೆಂದು ನನಗೆ ಹಿಂದಿನ ದಿನವೇ ತಿಳಿದಿತ್ತು. ಅಷ್ಟು ಸುಟ್ಟವರು ಚರ್ಮದ ಆಸ್ಪತ್ರೆಗೆ ಹೋಗದೆ ಇರಲಾರರು. ಅಲ್ಲಿ ನನ್ನ ಹಳೆಯ ಪರಿಚಯದ ನರ್ಸ್ ಒಬ್ಬಳಿದ್ದಾಳೆ. ಹೇಳಬಾರದ್ದನ್ನು ಅವಳು ಹೇಳಿದಳು, ಕೇಳಬಾರದ್ದನ್ನು ನಾನು ಕೇಳಿಸಿಕೊಂಡೆ. ಕೇಳಿದ ಮೇಲೆ ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

ಊರಿನ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಮಿಸ್!

ಊರಿನಲ್ಲಿ ಅವರನ್ನು ಅರಿಯದವರಿಲ್ಲ. ತೆಳ್ಳಗಾಗಬೇಕೆಂದು ಊಟ ಬಿಟ್ಟ ಹುಡುಗಿಯೊಬ್ಬಳು ತರಗತಿಯಲ್ಲಿ ತಲೆ ತಿರುಗಿ ಬಿದ್ದ ದಿನ, ಶಾಲೆಯ ತೂಕದ ಯಂತ್ರವನ್ನು ಎತ್ತಿಸಿ ಹೊರಗೆ ಹಾಕಿಸಿದವರು. "ನಿಮ್ಮ ಮೈ ನಿಮ್ಮನ್ನ ಹೊತ್ತು ತಿರುಗತ್ತೆ. ಅದರ ಬಗ್ಗೆ ನಾಚ್ಕೋಬೇಡಿ" ಎಂದು ವೇದಿಕೆ ಮೇಲೆ ನಿಂತು ಅವರು ಹೇಳಿದಾಗ ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಜೋರಾಗಿ ಚಪ್ಪಾಳೆ ತಟ್ಟಿದ್ದೆ. ಆ ಮಾತು ನನಗೆಂದೇ ಹೇಳಿದ ಹಾಗಿತ್ತು.

ಶಾಲೆ ತಲುಪಿದಾಗ ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಬಿಟ್ಟಿದ್ದರು. ಆಯಾ ನನ್ನನ್ನು ದೊಡ್ಡ ಮಿಸ್ ಕೋಣೆಗೆ ಕರೆದೊಯ್ದಳು. ಮೇಜು, ಅದರ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳು, ಗೋಡೆಯಲ್ಲಿ ಮಕ್ಕಳು ಬರೆದ ಚಿತ್ರಗಳು. ದೊಡ್ಡ ಮಿಸ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು, ಬೆನ್ನು ಕುರ್ಚಿಗೆ ತಾಗಿಯೂ ಇರಲಿಲ್ಲ.

"ಯಾವ ಮಗುವಿನ ವಿಷಯ?" ಎಂದರು.

"ಮಗುವಿನ ವಿಷಯ ಅಲ್ಲ ಮಿಸ್. ನೀಲಿ ಟವಲಿನ ವಿಷಯ."

ಅವರ ಕೈಯಲ್ಲಿದ್ದ ಕೆಂಪು ಪೆನ್ನು ಜಾರಿತು. ಮೇಜಿನ ಅಂಚಿಗೆ ಉರುಳಿ ಅವರ ಕಾಲ ಬಳಿಯೇ ಬಿತ್ತು. ಅದನ್ನು ನೋಡಿದರು, ಎತ್ತಿಕೊಳ್ಳಲಿಲ್ಲ.

"ನೀವು ತಪ್ಪು ವಿಳಾಸಕ್ಕೆ ಬಂದಿದ್ದೀರಿ."

ನಾನು ಬಗ್ಗಿ ಪೆನ್ನು ಎತ್ತಿ ಮೇಜಿನ ಮೇಲಿಟ್ಟೆ. "ಬಗ್ಗೋಕೆ ಆಗ್ತಿಲ್ಲ ಅಲ್ವಾ?"

"ಸೊಂಟ ನೋವು."

"ಮಿಸ್, ನಾಳೆ ಒಬ್ಬ ಹುಡುಗಿಯ ಬದುಕು ಹಾಳಾಗತ್ತೆ. ಮಾಡದ ತಪ್ಪಿಗೆ. ಅದು ಅವಳ ತಪ್ಪಲ್ಲ ಅಂತ ತೋರಿಸೋ ಸಾಕ್ಷಿ ಈ ಊರಲ್ಲಿ ಒಂದೇ ಕಡೆ ಇದೆ, ನಿಮ್ಮ ಅಂಗಿಯ ಕೆಳಗೆ."

"ಹೊರಗೆ ಹೋಗಿ."

ಅವರು ಕಿರುಚಲಿಲ್ಲ. ತರಗತಿಯಲ್ಲಿ ಗದ್ದಲ ಮಾಡುವ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದರು. ಇನ್ನೊಂದು ಸಲ ಹೇಳಿದ್ದರೆ ನಾನು ನಿಜವಾಗಿ ಎದ್ದುಬಿಡುತ್ತಿದ್ದೆ. ಇನ್ನೊಂದು ಸಲ ಹೇಳಲಾಗಲಿಲ್ಲ ಅವರಿಗೆ.

ಅಂಗಳದಲ್ಲಿ ಯಾವುದೋ ಮಗು ಜೋರಾಗಿ ನಕ್ಕಿತು. ದೊಡ್ಡ ಮಿಸ್ ಎದ್ದು ಹೋಗಿ ಕಿಟಕಿ ಮುಚ್ಚಿದರು.

"ಒಂದನೇ ಕ್ಲಾಸಿನ ಮಗು ಅದು" ಎಂದರು, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು. "ನನ್ನ ಹೊಟ್ಟೆ ಮೇಲೆ ಕೈಯಿಟ್ಟು, ಒಳಗೆ ಪಾಪು ಇದೆಯಾ ಮಿಸ್ ಅಂತ ಕೇಳ್ತು. ಎಲ್ಲ ಟೀಚರ್‌ಗಳೂ ನಕ್ರು. ನಾನೂ ನಕ್ಕೆ. ಪಾಪು ಇಲ್ಲ ಕಂದಾ, ಅನ್ನ ಇದೆ ಅಂದೆ. ಇನ್ನೂ ನಕ್ರು."

"ಚೆನ್ನಾಗೇ ಹೇಳಿದ್ದೀರಿ."

"ಹೇಳಿದೆ. ಮನೆಗೆ ಹೋಗಿ ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತೆ. ಆಮೇಲೆ ದಿನಾ ನಿಲ್ಲೋಕೆ ಶುರು ಮಾಡಿದೆ. ಸಾವಿರ ಹುಡುಗಿಯರಿಗೆ ನಾಚ್ಕೋಬೇಡಿ ಅಂತ ಹೇಳಿದ ಬಾಯಿ ಇದು. ಈಗ ನಾನು ನಾಚ್ಕೋತಿರೋದು ಹೊಟ್ಟೆಗಲ್ಲ. ನಾಚಿಕೆ ಪಟ್ಟೆನಲ್ಲ, ಅದಕ್ಕೆ. ಇದು ಹೊರಗೆ ಬಂದರೆ ಆ ಮಕ್ಕಳ ಮುಖ ಹೇಗೆ ನೋಡಲಿ?"

ಬಾಯಿಮಾತಿನ ಸಮಾಧಾನ ಹೇಳಿದ್ದರೆ ಇಬ್ಬರಿಗೂ ಅವಮಾನವಾಗುತ್ತಿತ್ತು. ಎದ್ದು ಬಾಗಿಲಿನ ಚಿಲಕ ಹಾಕಿದೆ. ಅವರ ಎದುರು ನಿಂತು ಅಂಗಿ ಎತ್ತಿದೆ.

ಬೆಳಗಿನ ಉಂಗುರ ಇನ್ನೂ ಕೆಂಪಗಿತ್ತು. ಉಳಿದದ್ದೆಲ್ಲ ಎಂದಿನ ಹಾಗೆ ಎಲ್ಲಿ ಬೇಕೋ ಅಲ್ಲಿ ಜೋತುಬಿದ್ದಿತ್ತು.

"ನಂದು ನೋಡಿಬಿಡಿ ಮೊದಲು" ಎಂದೆ. ನನ್ನ ಕಿವಿಯವರೆಗೂ ಬಿಸಿಯೇರಿತ್ತು. "ಒಂದು ಉಂಗುರ. ಬಟ್ಟಲು ಒಂದು ಸಲ ಹಾಕಿ ಒಂದು ಸಲ ತೆಗೆದರೆ ಹೀಗಿರತ್ತೆ. ನಿಮ್ಮದರಲ್ಲೂ ಒಂದೇ ಇದ್ದರೆ ಗುಬ್ಬಿ ಹಾಳೆ ಮರೆತಿದ್ದಾಳೆ ಅಂತಲೇ ಅರ್ಥ. ನಾನು ಇಲ್ಲಿಂದ ಎದ್ದು ಹೋಗ್ತೀನಿ, ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ."

ದೊಡ್ಡ ಮಿಸ್ ನನ್ನ ಹೊಟ್ಟೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಸಣ್ಣಗೆ ನಕ್ಕು, ಆ ನಗುವಿಗೂ ನೋವಾಗಿ ಮುಖ ಕಿವುಚಿದರು. ಅಂಗಿಯ ಕೆಳಗಿನ ಗುಂಡಿಗಳನ್ನು ಬಿಚ್ಚಿ, ಪಟ್ಟಿಯ ಒಂದು ಬದಿಯನ್ನು ಮೆಲ್ಲಗೆ ಬಿಡಿಸಿದರು.

ಪೊಲೀಸ್ ಕೆಲಸದಲ್ಲಿ ನಾನು ಬಹಳ ಗಾಯ ನೋಡಿದ್ದೇನೆ. ಇದನ್ನು ನೋಡಿದಾಗ ಕಣ್ಣು ತಾನಾಗಿ ಪಕ್ಕಕ್ಕೆ ಹೋಯಿತು. ಬಟ್ಟಲಿನ ಆಕಾರಕ್ಕೆ ಸರಿಯಾಗಿ ಚರ್ಮ ಕಪ್ಪಾಗಿ, ಅಂಚಿನಲ್ಲಿ ಬಿರಿದು, ನಡುವೆ ಒದ್ದೆಯಾಗಿತ್ತು. ಇಷ್ಟನ್ನು ಹೊತ್ತುಕೊಂಡು ಈ ಹೆಂಗಸು ದಿನವೂ ಪ್ರಾರ್ಥನೆಗೆ ನಿಂತಿದ್ದಾರೆ, ಪಾಠ ಮಾಡಿದ್ದಾರೆ, ಯಾರಿಗೂ ತಿಳಿಯದಂತೆ ನಗುತ್ತಾ ಓಡಾಡಿದ್ದಾರೆ.

ಬಗ್ಗಿ ನೋಡಿದೆ. ಕಪ್ಪು ಅಂಚಿನ ಹೊರಗೆ, ಒಂದು ಬೆರಳಿನಷ್ಟು ಎಡಕ್ಕೆ ಸರಿದು, ಹಸಿರು ಹಳದಿಗೆ ತಿರುಗಿದ ಇನ್ನೊಂದು ಗೆರೆ. ಅದರ ಸುತ್ತ ಚರ್ಮಕ್ಕೆ ಏನೂ ಆಗಿರಲಿಲ್ಲ. ಹಾಳೆ ಇದ್ದಾಗ ಬಿದ್ದ ಉಂಗುರ ಅದು.

"ಎರಡು!" ಎಂದೆ. ಕುಣಿಯುವುದೊಂದು ಬಾಕಿ. "ಮಿಸ್, ಎರಡಿದೆ. ಗುಬ್ಬಿ ಹಾಳೆ ಹಾಕಿದ್ದಳು. ಯಾರೋ ಆಮೇಲೆ ಬಂದು ಬಟ್ಟಲು ಬಿಡಿಸಿ, ಹಾಳೆ ಕಿತ್ತು, ಮತ್ತೆ ಬಟ್ಟಲು ಕೂರಿಸಿದ್ದಾರೆ. ನಿಮ್ಮ ಮುಖ ಬೇಡ, ಹೆಸರೂ ಬೇಡ. ನಿಮ್ಮ ಆಸ್ಪತ್ರೆ ಡಾಕ್ಟರು ಈ ಗಾಯದ ಒಂದು ಫೋಟೋ ತೆಗೆದು ಕಳಿಸಿದರೆ ಸಾಕು. ಆ ಹುಡುಗಿ ಬದುಕ್ಕೋತಾಳೆ."

"ಬೇಡ."

"ಮುಖ ಇರಲ್ಲ ಅಂದ್ನಲ್ಲ ಮಿಸ್."

"ಬೇಡ ಅಂದೆ."

ಪಟ್ಟಿಯನ್ನು ಮತ್ತೆ ಅಂಟಿಸಿಕೊಂಡರು. ಈಗ ಅವರ ಮುಖದಲ್ಲಿದ್ದದ್ದು ಮೊದಲಿನ ನಾಚಿಕೆಯಲ್ಲ. ಹೆದರಿಕೆ.

ಆಗ ನನಗೆ ಹೊಳೆಯಿತು. ಎಷ್ಟು ಹೊತ್ತಿಗೆ ಹೊಳೆಯಬೇಕಿತ್ತೋ ಅದಕ್ಕಿಂತ ತಡವಾಗಿ ಹೊಳೆಯಿತು.

"ಬಟ್ಟಲು ಬಿಡಿಸಿದಾಗ ನೀವು ಎಚ್ಚರವಾಗಿದ್ರಿ."

ಅವರು ಅಂಗಿಯ ಅಂಚನ್ನು ಕೆಳಕ್ಕೆ ಎಳೆದುಕೊಂಡರು.

"ಗಂಟೆ ಕೈಯಲ್ಲೇ ಇತ್ತು. ಎರಡನೇ ಸಲ ಬಟ್ಟಲು ಬಂದಾಗ ಅಂಚಿನಲ್ಲಾದರೂ ಉರಿ ಗೊತ್ತಾಗಿರತ್ತೆ. ಯಾಕೆ ಒತ್ತಲಿಲ್ಲ?"

"ಒತ್ತಿದರೆ ಟವಲು ತೆಗೆಸ್ತಾರೆ."

"ತೆಗೆದರೆ ಏನಾಗ್ತಿತ್ತು? ಹೆಚ್ಚೆಂದರೆ ನಿಮ್ಮನ್ನ ಒಬ್ಬಳು ಹುಡುಗಿ ನೋಡ್ತಿದ್ದಳು."

"ಹೌದು" ಎಂದರು. "ಅವಳು ನೋಡ್ತಿದ್ದಳು."

ಕುರ್ಚಿಯ ಕೈ ಹಿಡಿದುಕೊಂಡು ನಿಧಾನ ಕುಳಿತರು. ಮಾತು ಶುರುವಾದಾಗ ಅದು ದೊಡ್ಡ ಮಿಸ್ ದನಿಯಾಗಿರಲಿಲ್ಲ.

"ಮೊದಲನೇ ಹುಡುಗಿ ಬಟ್ಟಲು ಹಾಕಿ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರು ಬಂದ ಸದ್ದಾಯ್ತು. ಯಂತ್ರ ನಿಂತಿತು. ಸರಿ ಮಾಡ್ತಾ ಇದ್ದಾರೆ ಅಂದ್ಕೊಂಡೆ. ಆಮೇಲೆ ಆ ಹುಡುಗಿ ಅಂಗೈ ಉಜ್ಜಿಕೊಂಡಳು. ಉಸಿರು ಊದಿ ಕೈ ಬಿಸಿ ಮಾಡ್ಕೊಂಡಳು. ಆಮೇಲೆ ನನ್ನ ಮುಟ್ಟಿದಳು."

ಬೆಳಿಗ್ಗೆ ಟವಲಿನ ಕೆಳಗೆ ನಾನು ಕೇಳಿದ ಸದ್ದು ಅದೇ.

"ಯಾರನ್ನೂ ತಣ್ಣನೆ ಕೈಯಲ್ಲಿ ಮುಟ್ಟಬಾರದು ಅಂತ ನಾನೇ ಕಲಿಸಿದ್ದು" ಎಂದರು. "ಅವರಪ್ಪ ಹಾಸಿಗೆ ಹಿಡಿದಾಗ. ಅವಳಿಗಿನ್ನೂ ಲಂಗದ ವಯಸ್ಸು. ಪ್ರತಿ ಸಲ ಊದಿಕೊಂಡು, ಆಮೇಲೆ ಅಪ್ಪನ ಹಣೆ ಮುಟ್ಟೋಳು. ಊದೋ ರೀತಿ, ಬೆರಳು, ಆ ಬೆರಳಿನ ಭಾರ... ನನ್ನ ಮಗಳು ನನಗೆ ಗೊತ್ತಾಗಲ್ವಾ?"

"ಕಡ್ಡಿ ನಿಮ್ಮ ಮಗಳಾ?"

"ಅಲ್ಲಿ ಹಾಗೆ ಕರೀತಾರಾ ಅವಳನ್ನ?" ಎಂದರು, ನೊಂದುಕೊಂಡು. "ನನಗೆ ಅವಳು ಹೇಳಿದ್ದು ದೊಡ್ಡ ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸೋ ಕೆಲಸ ಅಂತ. ಇಂಥ ಕಡೆ ಕೆಲಸ ಅಂದ್ರೆ ನಾನು ಒಪ್ಪಲ್ಲ, ಬೈತೀನಿ ಅಂತ ಮುಚ್ಚಿಟ್ಟಿದ್ದಾಳೆ. ನಾನೂ ಆ ಹೊತ್ತಿಗೆ ಮೀಟಿಂಗ್ ಇದೆ ಅಂತ ಅವಳಿಗೆ ಹೇಳಿ ಹೋಗಿದ್ದೆ. ಅಮ್ಮನೂ ಸುಳ್ಳಿ, ಮಗಳೂ ಸುಳ್ಳಿ."

"ಹಾಳೆ ತೆಗೆದದ್ದು ನಿಮಗೆ ಗೊತ್ತಾಯ್ತಾ?"

"ಒದ್ದೆಯಾದದ್ದು ಏನೋ ಸರಿದು ಹೋಯ್ತು. ಆಮೇಲೆ ಉರಿ. ಏನು ಮಾಡ್ತಿದ್ದಾಳೆ ಅಂತ ಪೂರ್ತಿ ತಿಳಿಯಲಿಲ್ಲ. ಬೇಡ ಕಣೇ ಅಂತ ಬಾಯಿ ತುದಿಗೆ ಬಂತು. ಒಂದು ಮಾತು ಆಡಿದ್ರೆ ನನ್ನ ದನಿ ಗೊತ್ತಾಗತ್ತೆ. ಅಮ್ಮ ಹೊಟ್ಟೆ ಬಿಟ್ಟುಕೊಂಡು ಇಲ್ಲಿ ಮಲಗಿದ್ದಾಳೆ ಅಂತ ಗೊತ್ತಾಗತ್ತೆ. ಹಲ್ಲು ಕಚ್ಚಿ ಸುಮ್ಮನಾದೆ. ನಾಚಿಕೆಗೆ, ನಾಚಿಕೆಗೆ ಸುಮ್ಮನೆ ಬಿದ್ದಿದ್ದೆ ನಾನು. ಒಂದು ಸಲ ಬಾಯಿ ಬಿಟ್ಟಿದ್ರೆ ಅವಳು ಅಪರಾಧಿ ಆಗ್ತಿರಲಿಲ್ಲ."

"ಅವಳಿಗೆ ಇವತ್ತಿಗೂ ಗೊತ್ತಿಲ್ವಾ?"

"ಇಲ್ಲ. ಮನೇಲಿ ಬಾಗಿಲು ಹಾಕ್ಕೊಂಡು ಪಟ್ಟಿ ಬದಲಾಯಿಸ್ಕೋತೀನಿ. ಹೋದ ವಾರದಿಂದ ಅವಳು ಸರಿಯಾಗಿ ಊಟ ಮಾಡ್ತಿಲ್ಲ. ಯಾಕೆ ಅಂತ ಕೇಳೋಕೂ ನನಗೆ ಧೈರ್ಯ ಇಲ್ಲ."

ಗುಬ್ಬಿಯ ಅತ್ತು ಊದಿದ ಮುಖ ನೆನಪಾಯಿತು. ನಾಳೆ ಆ ಹುಡುಗಿಯನ್ನು ಉಳಿಸಬೇಕಾದರೆ ಈ ಹೊಟ್ಟೆಯನ್ನು ನಾನು ಮುಂದಿಡಲೇಬೇಕು. ಮುಂದಿಟ್ಟರೆ ಸಿಕ್ಕಿಬೀಳುವವಳು ಇವರ ಮಗಳು. ಸಿಕ್ಕಿಬಿದ್ದ ದಿನವೇ ತಾನು ಸುಟ್ಟದ್ದು ಯಾರನ್ನೆಂದು ಅವಳಿಗೆ ತಿಳಿಯುತ್ತದೆ. ಸಾಕ್ಷಿ ಸಿಕ್ಕರೆ ಹಿಗ್ಗುವವಳು ನಾನು. ಆಗ ಮಾತ್ರ ಎರಡು ಉಂಗುರ ಕಂಡು ಹಿಗ್ಗಿದ್ದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಮಿಸ್," ಎಂದೆ, "ಗುಬ್ಬಿಗೂ ಒಬ್ಬರು ಅಮ್ಮ ಇದ್ದಾರೆ."

ದೊಡ್ಡ ಮಿಸ್ ಕಣ್ಣು ಮುಚ್ಚಿದರು. "ಗೊತ್ತು. ಅದಕ್ಕೇ ನನಗೆ ನಿದ್ದೆ ಇಲ್ಲ."

ಬಾಗಿಲು ಬಡಿದ ಸದ್ದಾಯಿತು. ಆಯಾಳ ದನಿ.

"ಮಿಸ್! ನಿಮ್ಮ ಮಗಳು ಬಂದಿದ್ದಾರೆ. ಯಾಕೋ ತುಂಬಾ ಅಳ್ತಿದ್ದಾರೆ, ಬೇಗ ಬಾಗಿಲು ತೆಗೀರಿ."

ಬೆಳಿಗ್ಗೆ ಪ್ರಮಾಣದ ಮಾತೆತ್ತಿ ಹೆದರಿಸಿದವಳು ನಾನೇ. ಹೆದರಿದ ಹುಡುಗಿ ಹುಡುಕಿಕೊಂಡು ಬರುವುದು ಇನ್ನೆಲ್ಲಿಗೆ?

ದೊಡ್ಡ ಮಿಸ್ ನನ್ನ ಕೈ ಹಿಡಿದುಕೊಂಡರು. "ಹೇಳಬೇಡಿ" ಎಂದು ತುಟಿಯಲ್ಲೇ ಅಂದರು. ಇನ್ನೊಂದು ಕೈ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಿತ್ತು. ಕೊನೆಯ ಗುಂಡಿಯನ್ನು ನಾನೇ ಹಾಕಿದೆ. ಹೋಗಿ ಚಿಲಕ ತೆಗೆದೆ.

ಕಡ್ಡಿ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ನನ್ನಿಂದ ತಾಯಿಯ ಕಡೆಗೆ, ತಾಯಿಯಿಂದ ನನ್ನ ಕಡೆಗೆ ನೋಡಿದಳು.

"ಹೇಳಿಬಿಟ್ರಾ ಮೇಡಂ?" ಎಂದಳು. "ನಾನೇ ಹೇಳೋಣ ಅಂತ ಬಂದೆ. ಅಷ್ಟರಲ್ಲಿ ಬಂದು ಹೇಳಿಬಿಟ್ರಾ?"

"ನಾನು ಏನೂ ಹೇಳಿಲ್ಲ."

ಆ ಮಾತು ಅವಳ ಕಿವಿಗೆ ಬೀಳಲಿಲ್ಲ. ಮಾತು ಕಟ್ಟೆಯೊಡೆದು ಬಂತು.

"ಅಮ್ಮಾ, ನಾನು ಆಸ್ಪತ್ರೇಲಿ ಇಲ್ಲ. ಕೊಬ್ಬು ಕರಗಿಸೋ ಕಡೆ ಇದ್ದೀನಿ. ಅಲ್ಲಿ ಇಬ್ಬರಲ್ಲಿ ಒಬ್ಬರನ್ನೇ ಇಟ್ಕೋತೀವಿ ಅಂದ್ರು. ಗುಬ್ಬಿ ನನಗಿಂತ ಚೆನ್ನಾಗಿ ಕೆಲಸ ಮಾಡ್ತಾಳೆ. ಸ್ವಲ್ಪ ಕೆಂಪಗಾದ್ರೆ ಅವಳಿಗೆ ಬೈಗುಳ ಬೀಳತ್ತೆ, ಅಷ್ಟೇ ಅಂದ್ಕೊಂಡೆ. ಹಾಳೆ ಕಿತ್ತೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಹಾಕೋಣ ಅಂತಿದ್ದೆ. ಡಾಕ್ಟರಮ್ಮ ಕರೆದ್ರು, ಬರೋಕಾಗ್ಲಿಲ್ಲ. ಅಷ್ಟು ಸುಡತ್ತೆ ಅಂತ ದೇವರಾಣೆಗೂ ಅಂದ್ಕೊಂಡಿರಲಿಲ್ಲ ಅಮ್ಮಾ."

ದೊಡ್ಡ ಮಿಸ್ ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತಿದ್ದರು.

"ಆ ಹೆಂಗಸು ಕೂಗಲೂ ಇಲ್ಲಮ್ಮಾ" ಎಂದಳು ಮಗಳು. "ಕೈಯಲ್ಲಿ ಗಂಟೆ ಇತ್ತು, ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಅಂತ ನನಗೆ ಹುಚ್ಚು ಹಿಡಿಯೋ ಹಾಗಾಗಿದೆ. ಕಣ್ಣು ಮುಚ್ಚಿದ್ರೆ ಆ ನೀಲಿ ಟವಲು ಬರತ್ತೆ. ಅದರ ಕೆಳಗೆ ಯಾರು ಅಂತ ಕಾಣೋದೇ ಇಲ್ಲ."

ಅಳುತ್ತಾ ಓಡಿಬಂದು ತಾಯಿಯನ್ನು ತಬ್ಬಿಕೊಳ್ಳಲು ಹೋದಳು. ದೊಡ್ಡ ಮಿಸ್ ಎರಡೂ ಕೈ ಮುಂದೆ ಚಾಚಿ ಅವಳನ್ನು ತಡೆದರು. ತಬ್ಬಿದರೆ ಗಾಯಕ್ಕೆ ತಾಗುತ್ತದೆ. ತಾಗಿದರೆ ಕೂಗು ಬರುತ್ತದೆ. ಅದು ನನಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಅವಳು ಆ ಕೈಗಳನ್ನು ನೋಡಿದಳು. ತಾಯಿಗೆ ತನ್ನನ್ನು ಮುಟ್ಟಲೂ ಹೇಸಿಗೆ ಎಂದೇ ತಿಳಿದಳು. ಎರಡು ಹೆಜ್ಜೆ ಹಿಂದೆ ಸರಿದು, ಕೆಲಸದ ಬಟ್ಟೆಯ ತೋಳಿನಿಂದ ಮುಖ ಒರೆಸಿಕೊಂಡಳು.

"ನಿನ್ನ ಮುಟ್ಟೋ ಯೋಗ್ಯತೆ ನನಗಿಲ್ಲ. ಸರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೇಡಂ, ನಾಳೆ ಎಲ್ಲ ಒಪ್ಕೋತೀನಿ. ಗುಬ್ಬಿಗೆ ಏನೂ ಆಗಬಾರದು. ಆದ್ರೆ ಅದಕ್ಕಿಂತ ಮೊದಲು ನೀಲಿಯವರ ಕಾಲು ಹಿಡ್ಕೋಬೇಕು. ಅವರು ಯಾರು ಅಂತ ನಿಮಗೆ ಗೊತ್ತಲ್ವಾ? ಈಗಲೇ ನನ್ನ ಅವರ ಹತ್ರ ಕರ್ಕೊಂಡು ಹೋಗಿ."

ನಾನು ದೊಡ್ಡ ಮಿಸ್ ಮುಖ ನೋಡಲಾರದೆ ನೆಲ ನೋಡಿದೆ.

"ಒಬ್ಬಳೇ ಹೋಗೋಕೆ ನನಗೆ ಮುಖ ಇಲ್ಲ" ಎಂದು ಕಡ್ಡಿ ತಾಯಿಯ ಕಡೆ ಕೈ ಚಾಚಿದಳು. "ನೀನೂ ಜೊತೆಗೆ ಬಾಮ್ಮಾ."